ಒಣಗಿದ ಬಾಯಿ, ಊಟ ಮತ್ತು ಮಾತು



ಕುಟುಂಬ ಕಲ್ಯಾಣವೆಂದೊಡನೆ ಹೆರಿಗೆ, ಲಸಿಕೆ, ಮಕ್ಕಳ ನಡುವಣ ಅಂತರ ಇವೇ ನಮ್ಮ ನೆನಪಿಗೆ ಬರುತ್ತವೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಅವುಗಳೆದುರು ಸಣ್ಣದೆಂದು ತೋರಬಹುದು. ಅದು ಬಾಯಿಯ ನೀರಿನ ವಿಷಯ. ಎಂಜಲೆಂದು ನಾವು ಅಸಹ್ಯಪಡುವ, ಜೊಲ್ಲೆಂದು ಮಗುವಿನ ಗದ್ದದಿಂದ ಒರೆಸಿಹಾಕುವ ಈ ದ್ರವವನ್ನು ವೈದ್ಯರು ಲಾಲಾರಸವೆಂದು ಕರೆಯುತ್ತಾರೆ. ಅದು ಸಾಕಷ್ಟಿರುವವರೆಗೆ ಯಾರೂ ಅದನ್ನು ಗಮನಿಸುವುದಿಲ್ಲ. ಕಡಿಮೆಯಾದ ಮನೆಯಲ್ಲಿ ಊಟದ ಹೊತ್ತು ಮನಸ್ತಾಪದ ಹೊತ್ತಾಗುತ್ತದೆ. ಅತ್ತೆ ರೊಟ್ಟಿ ಮುರಿಯದೆ ತಟ್ಟೆ ಸರಿಸಿದರೆ ಸೊಸೆಯ ಅಡುಗೆ ರುಚಿಸಲಿಲ್ಲವೆಂದು ತಿಳಿಯುತ್ತೇವೆ. ಹೆಂಡತಿ ಒಂದೆರಡು ಮಾತಿನಲ್ಲಿ ಉತ್ತರಿಸಿ ಸುಮ್ಮನಾದರೆ ಮುನಿಸೆಂದು ಗಂಡ ಭಾವಿಸುತ್ತಾನೆ. ಕೆಲವೊಮ್ಮೆ ಅಲ್ಲಿರುವುದು ಮುನಿಸಲ್ಲ, ಅಂಗುಳಕ್ಕೆ ಅಂಟಿಕೊಂಡ ನಾಲಗೆ.

ನಮ್ಮ ಬಾಯಿಗೆ ಮೂರು ಜೊತೆ ದೊಡ್ಡ ಗ್ರಂಥಿಗಳು ಈ ರಸವನ್ನು ಒದಗಿಸುತ್ತವೆ. ಒಂದು ಜೊತೆ ಕಿವಿಗಳ ಮುಂಭಾಗದಲ್ಲಿದೆ. ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ. ಇನ್ನೊಂದು ಕೆಳದವಡೆಯ ಅಡಿಯಲ್ಲಿದೆ, ಮತ್ತೊಂದು ನಾಲಗೆಯ ಕೆಳಗಿದೆ. ತುಟಿ, ಕೆನ್ನೆ, ಅಂಗುಳಗಳ ಒಳಪೊರೆಯಲ್ಲಿ ನೂರಾರು ಸಣ್ಣ ಗ್ರಂಥಿಗಳೂ ಇವೆ. ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 0.5ರಿಂದ 1.5 ಲೀಟರಿನಷ್ಟು ಲಾಲಾರಸ ಒಸರುತ್ತದೆ. ನಿದ್ರೆಯಲ್ಲಿ ಅದು ಬಹುಮಟ್ಟಿಗೆ ನಿಂತುಹೋಗುತ್ತದೆ. ಅಗಿಯತೊಡಗಿದೊಡನೆ ಹಲವು ಪಟ್ಟು ಹೆಚ್ಚುತ್ತದೆ. ಸುಮ್ಮನಿರುವಾಗ ಒಸರುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಾಗ ಬಾಯಿ ಒಣಗಿದ ಅನುಭವವಾಗುತ್ತದೆಂದು 1987ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಎಂದರೆ, ಬಾಯಿ ಒಣಗುತ್ತಿದೆಯೆಂದು ಒಬ್ಬರು ಹೇಳುವ ವೇಳೆಗೆ ನಷ್ಟ ಅಲ್ಪವಾಗಿರುವುದಿಲ್ಲ.

ಹಲ್ಲು ಗಟ್ಟಿಯಾಗಿದ್ದರೆ ಸಾಕು, ಅಗಿಯಬಹುದೆಂಬುದು ಅರ್ಧ ಸತ್ಯ ಮಾತ್ರ. ಹಲ್ಲು ಕತ್ತರಿಸುತ್ತದೆ, ಅರೆಯುತ್ತದೆ. ಅರೆದುದನ್ನು ತುತ್ತಾಗಿ ಕಟ್ಟುವುದು ಲಾಲಾರಸ. ನೀರಿಲ್ಲದ ಹಿಟ್ಟನ್ನು ಎಷ್ಟು ನಾದಿದರೂ ಉಂಡೆಯಾದೀತೇ? ಲಾಲಾರಸದ ಲೋಳೆಯಂಥ ಅಂಶವು ತುತ್ತನ್ನು ಜಾರುವಂತೆಯೂ ಮಾಡುತ್ತದೆ. ಇನ್ನು ರುಚಿ, ಆಹಾರದ ಸಾರ ಕರಗಿದ ಮೇಲಲ್ಲವೇ ಅದು ನಾಲಗೆಗೆ ತಿಳಿಯುವುದು? ಆದುದರಿಂದ ಬಾಯಿ ಒಣಗಿದವರಿಗೆ ಜೋಳದ ರೊಟ್ಟಿ, ಅವಲಕ್ಕಿ, ಹುರಿಗಡಲೆಗಳು ಮರಳಿನಂತೆ ಬಾಯಿತುಂಬ ಹರಡಿ ಕೆನ್ನೆಯ ಸಂದಿಯಲ್ಲಿ ನಿಲ್ಲುತ್ತವೆ. ಪ್ರತಿ ತುತ್ತಿಗೂ ಒಂದು ಗುಟುಕು ನೀರು ಬೇಕಾಗುತ್ತದೆ, ಸ್ವಲ್ಪ ಖಾರವೂ ಉರಿಯುತ್ತದೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಸಹ ಲಾಲಾರಸದ ತೆಳು ಪದರದ ಆಸರೆಯಿಂದಲೇ ಒಸಡಿಗೆ ಹಿಡಿದಿರುತ್ತದೆ. ಆ ಪದರ ಆರಿದರೆ ಸೆಟ್ಟು ಸಡಿಲವಾಗಿ ಹುಣ್ಣು ಮಾಡುತ್ತದೆ.

ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವ ಸೀಮೆಗಳಲ್ಲಿ ಈ ಕೊರತೆ ಬಹುಕಾಲ ಬಯಲಾಗದೆ ಇರಬಹುದು. ರೊಟ್ಟಿಯೂಟದ ಜಿಲ್ಲೆಗಳಲ್ಲಿ ಬೇಗ ತಿಳಿಯುತ್ತದೆ. ಹಲ್ಲಿರುವ ಮನುಷ್ಯರು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಿರೆಂದು ಕೇಳತೊಡಗಿದರೆ ಕಾರಣ ವಿಚಾರಿಸಿರಿ. ಅಗಿಯುವುದು ಕಷ್ಟವೆಂದು ಬರಿಯ ಗಂಜಿಗೆ ಇಳಿಸಿಬಿಡುವುದೂ ಒಳ್ಳೆಯದಲ್ಲ. ಅಗಿಯುವ ಕೆಲಸವೇ ಗ್ರಂಥಿಗಳಿಗೆ ಪ್ರಚೋದನೆ. ಅದು ತಪ್ಪಿದರೆ ಇರುವ ರಸವೂ ಇಳಿಯುತ್ತದೆ. ಮೆತ್ತಗಾದರೂ ಅಗಿಯಲು ಉಳಿಯುವಂಥ ಆಹಾರವನ್ನು ಸಾರು, ಮಜ್ಜಿಗೆ, ಬೇಳೆಕಟ್ಟುಗಳೊಡನೆ ಬಡಿಸಬೇಕು.

ಮಾತಿನ ಸಂಗತಿಯೂ ಹೀಗೆಯೇ. ತ, ದ, ಲ, ಳ ಎನ್ನುವಾಗ ನಾಲಗೆ ಹಲ್ಲನ್ನೋ ಅಂಗುಳವನ್ನೋ ಮುಟ್ಟಿ ಕೂಡಲೇ ಬಿಡಬೇಕು. ಪ, ಬ, ಮ ಎನ್ನುವಾಗ ತುಟಿಗಳು ಕೂಡಿ ಬಿಡಬೇಕು. ಒದ್ದೆಯಿದ್ದರೆ ಇದು ಸಲೀಸು. ಒಣಗಿದರೆ ನಾಲಗೆ ಅಂಟಿಕೊಂಡು ತಡವಾಗಿ ಬಿಡುತ್ತದೆ. ಮಾತಿನ ನಡುವೆ ಚಟಚಟ ಸದ್ದು ಕೇಳುತ್ತದೆ, ತುಟಿ ಹಲ್ಲಿಗೆ ಹತ್ತಿಕೊಳ್ಳುತ್ತದೆ. ನಾಲ್ಕು ವಾಕ್ಯವಾದ ಮೇಲೆ ನೀರು ಬೇಕೆನಿಸುತ್ತದೆ. ಇಂಥವರು ಕ್ರಮೇಣ ಸಭೆಯಲ್ಲಿ, ಸಂತೆಯಲ್ಲಿ, ಕೊನೆಗೆ ಮನೆಯಲ್ಲಿಯೂ ಮಾತನ್ನು ಮೊಟಕುಗೊಳಿಸುತ್ತಾರೆ.

ಭಯದಿಂದ ಬಾಯಿ ಒಣಗುವುದು ಎಲ್ಲರಿಗೂ ಗೊತ್ತು. ನಮ್ಮ ಧರ್ಮಶಾಸ್ತ್ರಗಳಲ್ಲಿ ಕಳ್ಳನನ್ನು ಕಂಡುಹಿಡಿಯಲು ಅಕ್ಕಿ ಅಗಿಸುವ ತಂಡುಲ ದಿವ್ಯವೆಂಬ ಪರೀಕ್ಷೆಯೇ ಹೇಳಿದೆ. ನಿರಪರಾಧಿಗೂ ಭಯವಾಗುವುದೆಂಬುದನ್ನು ಅದು ಮರೆತಂತಿದೆ! ಆದರೆ ಭಯದ ಒಣಗುವಿಕೆ ಗಳಿಗೆಯದು. ವಾರಗಟ್ಟಲೆ ಉಳಿಯುವುದಕ್ಕೆ ಬೇರೆ ಕಾರಣವಿರುತ್ತದೆ, ಮತ್ತು ಅದನ್ನು ಮುಪ್ಪಿನ ತಲೆಗೆ ಕಟ್ಟಿ ಸುಮ್ಮನಾಗುವುದು ಸರಿಯಲ್ಲ. ವಯಸ್ಸಾದವರಲ್ಲಿ ಬಹುಸಾಮಾನ್ಯ ಕಾರಣ ಅವರು ಸೇವಿಸುವ ಔಷಧಗಳು: ನೆಗಡಿ ಮತ್ತು ತುರಿಕೆಯ ಕೆಲವು ಗುಳಿಗೆಗಳು, ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆಗಳು, ಮನೋವ್ಯಾಧಿಯ ಕೆಲವು ಔಷಧಗಳು. ಉಮ್ಮತ್ತಿ ತಿಂದವರ ಬಾಯಿ ಒಣಗುವುದನ್ನು ಹಳ್ಳಿಯವರು ಬಲ್ಲರು. ಅದರಲ್ಲಿರುವ ಅಟ್ರೋಪಿನ್ ಮಾಡುವ ಕೆಲಸವನ್ನೇ ಇವುಗಳಲ್ಲಿ ಹಲವು ಅಲ್ಪ ಪ್ರಮಾಣದಲ್ಲಿ ಮಾಡುತ್ತವೆ. ಹಾಗೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಬದಲಿಸಲು ಅಥವಾ ಪ್ರಮಾಣ ಇಳಿಸಲು ಸಾಧ್ಯವೇ ಎಂಬುದನ್ನು ವೈದ್ಯರೇ ಹೇಳಬೇಕು.

ಬಾಯಾರಿಕೆಯೊಡನೆ ಪದೇ ಪದೇ ಮೂತ್ರವಾಗುತ್ತಿದ್ದರೆ ಸಿಹಿಮೂತ್ರ ರೋಗವಿರಬಹುದು. ಬಾಯಿಯೊಡನೆ ಕಣ್ಣುಗಳೂ ಒಣಗಿ ಕೀಲುಗಳು ನೋಯುವ ವ್ಯಾಧಿಯೊಂದಿದೆ. 1933ರಲ್ಲಿ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ ಅದನ್ನು ವಿವರವಾಗಿ ವರ್ಣಿಸಿದರು. ಅದಕ್ಕೆ ತುತ್ತಾಗುವವರಲ್ಲಿ ಬಹುಪಾಲು ಸ್ತ್ರೀಯರು. ಹೊಗೆಸೊಪ್ಪು, ಗುಟ್ಕಾಗಳಿಂದ ಬಾಯಿಯ ಕ್ಯಾನ್ಸರ್ ತಗುಲಿ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳಲ್ಲಿ ವಿಕಿರಣ ಚಿಕಿತ್ಸೆ ಪಡೆದು ಬಂದವರಲ್ಲಿ ಗ್ರಂಥಿಗಳು ಬೆಂದು ಬಾಯಿ ಒಣಗುವುದುಂಟು, ಕೆಲವರಿಗೆ ಶಾಶ್ವತವಾಗಿ. ರೋಗ ಗೆದ್ದು ಬಂದ ಗಂಡನಿಗೆ ಒಣ ರೊಟ್ಟಿ ಇಳಿಯದಿದ್ದರೆ ಅದು ಹಟವಲ್ಲ.

ಲಾಲಾರಸ ಕಡಿಮೆಯಾದ ಬಾಯಿಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ, ವಿಶೇಷವಾಗಿ ಒಸಡಿನ ಅಂಚಿನಲ್ಲಿ. ಆದುದರಿಂದ ಬಾಯಿ ಒದ್ದೆಯಾಗಲೆಂದು ಪೆಪ್ಪರಮಿಂಟು, ಬೆಲ್ಲ ಚೀಪುವುದು ತಕ್ಕುದಲ್ಲ. ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಹೊಗೆಸೊಪ್ಪು, ಬೀಡಿ, ಮದ್ಯಗಳನ್ನು ಬಿಡಬೇಕು. ದಿನಕ್ಕೆರಡು ಬಾರಿ ಫ್ಲೋರೈಡುಳ್ಳ ಪೇಸ್ಟಿನಿಂದ ಹಲ್ಲುಜ್ಜಬೇಕು.

ಎರಡು ವಾರ ಕಳೆದರೂ ಬಾಯಿ ಒದ್ದೆಯಾಗದಿದ್ದರೆ, ಅಥವಾ ಬಾಯಲ್ಲಿ ಬಿಳಿಯ ಇಲ್ಲವೆ ಕೆಂಪು ಕಲೆ, ಮಾಯದ ಹುಣ್ಣು ಕಂಡರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. 30 ವರ್ಷ ದಾಟಿದವರಿಗೆ ಸಿಹಿಮೂತ್ರ, ರಕ್ತದೊತ್ತಡ ಮತ್ತು ಬಾಯಿಯ ತಪಾಸಣೆಯನ್ನು ಉಪಕೇಂದ್ರಗಳಲ್ಲಿಯೂ ಮಾಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಪತಿಪತ್ನಿಯರು ಕೂಡಿ ಹೋದರೆ ಉತ್ತಮ, ಏಕೆಂದರೆ ತಟ್ಟೆಯಲ್ಲಿ ಏನು ಉಳಿಯಿತೆಂಬುದನ್ನು ಉಂಡವರಿಗಿಂತ ಬಡಿಸಿದವರು ಚೆನ್ನಾಗಿ ಬಲ್ಲರು. ಸೇವಿಸುತ್ತಿರುವ ಗುಳಿಗೆಗಳ ಖಾಲಿ ಪಟ್ಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ.