ಗಣಕಯಂತ್ರದ ಕಾವೂ ಗಾಳಿಯ ದಾರಿಯೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಾದವರು ವಾರ್ಷಿಕೋತ್ಸವದ ವೇದಿಕೆಯನ್ನೇರಿದರೆ ಪಂಪನನ್ನೋ ಹರಿಹರನನ್ನೋ ಕುರಿತು ನಾಲ್ಕು ಮಾತನಾಡುವುದು ವಾಡಿಕೆ. ನಾವಾದರೋ ಈ ದಿನ ಪಂಪನನ್ನು ಬಿಟ್ಟು ಪಂಪನ್ನು, ಕಾವ್ಯದ ರಸವನ್ನು ಬಿಟ್ಟು ಗಣಕಯಂತ್ರದೊಳಗೆ ಹರಿಯುವ ದ್ರವವನ್ನು ಕುರಿತು ಮಾತನಾಡಲು ನಿಂತಿದ್ದೇವೆ. “ಮೇಷ್ಟ್ರಿಗೆ ಇದೇನು ಬಂತು?” ಎಂದು ತಾವು ನಗಬಹುದು. ನಗಿರಿ, ಚಿಂತೆಯಿಲ್ಲ. ಕೊನೆಯವರೆಗೆ ಕೇಳಿದ ಮೇಲೆ ಇದೂ ಕನ್ನಡದ ಕೆಲಸವೇ ಎಂದು ಒಪ್ಪುವಿರೆಂದು ನಂಬಿದ್ದೇವೆ.

1953ನೆಯ ಇಸವಿ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ರಾಜ್ಯಕ್ಕೆ ಸೇರಿದುವೆಂಬುದು ತಮಗೆಲ್ಲ ತಿಳಿದೇ ಇದೆ. ಕಚೇರಿಯ ಮಾತು ಬದಲಾಯಿತು. ಒಲೆಯ ಮುಂದಿನ ಮಾತು ಬದಲಾಗಲಿಲ್ಲ. ನಮ್ಮ ಅಜ್ಜಿಯರು ಬೀಸುವಾಗ ಹಾಡಿದ ಪದ, ಮದುವೆಯ ಸೋಬಾನೆ ಪದ, ಮೊಹರಮ್ಮಿನ ಪದ ಇವೆಲ್ಲ ಕನ್ನಡದಲ್ಲಿಯೇ ಉಳಿದುವು. ಆದರೆ ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಪದಗಳೂ ಒಬ್ಬೊಬ್ಬರಾಗಿ ಹಿರಿಯರೊಡನೆ ಮರೆಯಾಗುತ್ತಿವೆ. ಅವುಗಳನ್ನು ಧ್ವನಿಮುದ್ರಿಸಿ ಇಡಬೇಕೆಂದು ನಾವೂ ನಮ್ಮ ಶಾಲೆಯ ಮಕ್ಕಳೂ ಸಂಕಲ್ಪ ಮಾಡಿದೆವು. ಹಳೆಯ ವಿದ್ಯಾರ್ಥಿಯೊಬ್ಬರು ತಾವು ಬಳಸಿ ಬಿಟ್ಟ ಒಂದು ಬಲವಾದ ಗಣಕಯಂತ್ರವನ್ನು ಶಾಲೆಗೆ ದಾನವಾಗಿ ಕೊಟ್ಟರು.

ಮೂರು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆತಂದು ಹಾಡಿಸಿದೆವು. ಹಾಡು ಆರಂಭವಾದ ಸ್ವಲ್ಪ ಹೊತ್ತಿಗೆಲ್ಲ ಯಂತ್ರದ ಫ್ಯಾನುಗಳು ಭೋರೆಂದು ಕೂಗತೊಡಗಿದುವು. ಅಜ್ಜಿ ಹಾಡು ನಿಲ್ಲಿಸಿ, “ಯಪ್ಪಾ ಮೇಷ್ಟ್ರೇ, ನಿಮ್ಮ ಪೆಟಿಗಿ ನನಗಿಂತ ಜೋರು ಬೀಸತೈತಲ್ಲ!” ಎಂದರು. ಎಲ್ಲರೂ ನಕ್ಕೆವು. ಮೂರನೆಯ ಪದದ ನಡುವೆ ಯಂತ್ರವು ತಾನೇ ತಾನಾಗಿ ಆರಿಹೋಯಿತು. ಉಳಿದ ಎರಡು ಪದಗಳನ್ನು ಕೇಳಿನೋಡಿದರೆ ಅಜ್ಜಿಯ ಧ್ವನಿ ಬಿರುಗಾಳಿಯ ಆಚೆಯಿಂದ ಬಂದಂತಿತ್ತು. “ಮಳೆ ಬಿದ್ದು ತಂಪಾಗಲಿ, ಮತ್ತೆ ಹಾಡಿಸೋಣ” ಎಂದುಕೊಂಡೆವು. ನಾಗರಪಂಚಮಿಗೆ ಮೊದಲೇ ಅಜ್ಜಿ ತೀರಿಕೊಂಡರು. ಅವರ ಸೊಸೆಗೆ ಆ ಪದಗಳ ಮೊದಲ ಸಾಲುಗಳು ಮಾತ್ರ ಬರುತ್ತಿದ್ದುವು.

ಆ ದಿನವೇ ನಾವು ಯಂತ್ರದ ಪಕ್ಕದ ಹಲಗೆಯನ್ನು ಬಿಚ್ಚಿ ನೋಡಬೇಕಾಗಿತ್ತು. ನೋಡಿದ್ದು ಅಜ್ಜಿ ಹೋದ ಮೇಲೆ. ಕಂಪ್ಯೂಟರ್ ಶಿಕ್ಷಕರೂ ಒಂಬತ್ತನೆಯ ತರಗತಿಯ ನಾಲ್ವರು ಮಕ್ಕಳೂ ಜತೆಗಿದ್ದರು. ಮುಂದೆ ಎರಡು, ಹಿಂದೆ ಒಂದು, ಮೇಲೆ ರೇಡಿಯೇಟರಿಗೆ ಎರಡು, ಹೀಗೆ ಐದು ಫ್ಯಾನುಗಳು. ಐದೂ ಗಾಳಿಯನ್ನು ಹೊರಕ್ಕೇ ತಳ್ಳುತ್ತಿದ್ದುವು! ಒಳಕ್ಕೆ ತರುವುದು ಒಂದೂ ಇರಲಿಲ್ಲ. ಗಾಳಿಯು ಸಿಕ್ಕ ಸಿಕ್ಕ ಸಂದಿನಿಂದ ನುಗ್ಗಿ, ನಮ್ಮೂರಿನ ಹತ್ತಿಯ ಅರಳೆಯನ್ನೂ ಧೂಳನ್ನೂ ಹೊತ್ತು ತಂದು ರೇಡಿಯೇಟರಿಗೆ ಕಂಬಳಿಯಂತೆ ಹೊದಿಸಿತ್ತು. ಸಾಲದುದಕ್ಕೆ ಯಂತ್ರವನ್ನು ಬಾಗಿಲಿರುವ ಮೇಜಿನ ಗೂಡಿನಲ್ಲಿ ಜೋಪಾನವಾಗಿ ಮುಚ್ಚಿಟ್ಟಿದ್ದವರು ನಾವೇ.

ಈಗ ವಿಷಯಕ್ಕೆ ಬರೋಣ. ಗಣಕಯಂತ್ರವು ಬಳಸಿಕೊಂಡ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿ ಪರಿಣಮಿಸುತ್ತದೆ. ಸಾಧಾರಣ ಕಚೇರಿಯ ಯಂತ್ರದ ಪ್ರೊಸೆಸರು ಸುಮಾರು 65 ವ್ಯಾಟ್ ಉಳ್ಳದ್ದು. ಎಂದರೆ ಹಳೆಯ ಕಾಲದ ಒಂದು 60 ವ್ಯಾಟಿನ ಬಲ್ಬಿನಷ್ಟು. ಬಲವಾದವು 125 ವ್ಯಾಟ್, ದುಡಿತ ಹೆಚ್ಚಿದಾಗ 200 ವ್ಯಾಟನ್ನೂ ಮೀರುತ್ತವೆ. ಇಷ್ಟು ಕಾವು ಉಗುರಗಲದ ಸಿಲಿಕಾನ್ ಚೂರಿನಲ್ಲಿ ಹುಟ್ಟುತ್ತದೆ. ಅದನ್ನು ಸಾಗಿಸದೆ ಹೋದರೆ, 95ರಿಂದ 100 ಡಿಗ್ರಿಯ ಸುಮಾರಿಗೆ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಪ್ರಾಣ ಉಳಿಸಿಕೊಳ್ಳಲೆಂದು ಆರಿಹೋಗುತ್ತದೆ. ಅಜ್ಜಿ ಹಾಡುತ್ತಿದ್ದಾಗ ನಡೆದುದು ಇದೇ.

ರೇಡಿಯೇಟರು ಎಂಬುದೇನು? ತಾಯಂದಿರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಮಗುವಿಗೆ ಕೊಡುವ ಹಾಲು ಸುಡುತ್ತಿದ್ದರೆ ಲೋಟದಿಂದ ಅಗಲವಾದ ತಟ್ಟೆಗೆ ಸುರಿದು ಬೀಸಣಿಗೆಯಿಂದ ಬೀಸುತ್ತಾರಷ್ಟೆ. ಹಾಲು ಹರಡಿದಷ್ಟೂ ಗಾಳಿಗೆ ಹೆಚ್ಚು ಮೈ ದೊರೆತು ಬೇಗ ಆರುತ್ತದೆ. ರೇಡಿಯೇಟರಿನಲ್ಲಿ ಒತ್ತೊತ್ತಾಗಿ ಜೋಡಿಸಿದ ತೆಳುವಾದ ಲೋಹದ ಎಸಳುಗಳು ತಟ್ಟೆಯ ಕೆಲಸವನ್ನು ಮಾಡುತ್ತವೆ. ಪ್ರೊಸೆಸರಿನ ಮೇಲೆ ಕುಳಿತ ಲೋಹದ ಗಟ್ಟಿಯಿಂದ ದ್ರವವು ಶಾಖವನ್ನು ಹೀರಿಕೊಳ್ಳುತ್ತದೆ. ಪುಟ್ಟ ಪಂಪು ಅದನ್ನು ಕೊಳವೆಯಲ್ಲಿ ರೇಡಿಯೇಟರಿಗೆ ಸಾಗಿಸುತ್ತದೆ. ಫ್ಯಾನು ಅಲ್ಲಿ ಗಾಳಿಯನ್ನು ಹಾಯಿಸುತ್ತದೆ. ತಣಿದ ದ್ರವವು ಹಿಂದಿರುಗುತ್ತದೆ. ಒಂದೇ ತೂಕದ ಗಾಳಿಗಿಂತ ನೀರು ಸುಮಾರು 4 ಪಟ್ಟು ಹೆಚ್ಚು ಶಾಖವನ್ನು ಹೊರಬಲ್ಲುದಾದ್ದರಿಂದ ಈ ಏರ್ಪಾಡು. 1985ರಲ್ಲಿ ಅಮೆರಿಕೆಯಲ್ಲಿ ಹೊರಬಂದ ಕ್ರೇ-2 ಎಂಬ ಮಹಾಗಣಕದ ಭಾಗಗಳನ್ನು ವಿದ್ಯುತ್ತು ಹರಿಯದ ಒಂದು ದ್ರವದಲ್ಲಿಯೇ ಮುಳುಗಿಸಿಟ್ಟಿದ್ದರು.

ಆದರೆ ಇಲ್ಲಿ ಒಂದು ಭ್ರಮೆಯನ್ನು ಬಿಡಬೇಕು. ರೇಡಿಯೇಟರು ಮಂಜಿನ ಪೆಟ್ಟಿಗೆಯಲ್ಲ. ಕೋಣೆಯ ಗಾಳಿಗಿಂತ ತಂಪನ್ನು ಅದು ಕೊಡಲಾರದು. ನಮ್ಮೂರಿನ ಬೇಸಗೆಯಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ ದ್ರವವು ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಆದುದರಿಂದ ತಂಪಾಗಿಸುವ ಕೆಲಸ ಕೋಣೆಯ ಕಿಟಕಿಯಿಂದಲೇ ಆರಂಭವಾಗತಕ್ಕದ್ದು.

ಇನ್ನು ಗಾಳಿಯ ದಾರಿ. ನಮ್ಮ ಹಿರಿಯರು ಮನೆ ಕಟ್ಟುವಾಗ ತಲೆಬಾಗಿಲಿಗೆ ನೇರವಾಗಿ ಹಿತ್ತಲ ಬಾಗಿಲನ್ನು ಇಡುತ್ತಿದ್ದರು. ಅಡುಗೆಮನೆಯ ಮೇಲ್ಗಡೆ ಬೆಳಕಿಂಡಿಯನ್ನು ಬಿಡುತ್ತಿದ್ದರು. ಮುಂದಿನಿಂದ ಬಂದ ಗಾಳಿ ನಡುಮನೆಯನ್ನು ಹಾಯ್ದು ಹಿಂದಕ್ಕೂ ಮೇಲಕ್ಕೂ ಹೋಗುತ್ತಿತ್ತು. ಯಂತ್ರದ ಪೆಟ್ಟಿಗೆಗೂ ಇದೇ ಶಾಸ್ತ್ರ. ಮುಂದಿನ ಫ್ಯಾನುಗಳು ಒಳಕ್ಕೆ, ಹಿಂದಿನವೂ ಮೇಲಿನವೂ ಹೊರಕ್ಕೆ. ಬಿಸಿಗಾಳಿ ಮೇಲೇರುವುದು ನಿಜವಾದರೂ ಫ್ಯಾನಿನ ಬಲದ ಮುಂದೆ ಆ ಏರಿಕೆ ಬಹಳ ದುರ್ಬಲ. ಎಲ್ಲ ಫ್ಯಾನುಗಳೂ ಒಂದೇ ದಾರಿಗೆ ಹೊಂದಿಕೊಳ್ಳುವುದು ಮುಖ್ಯ. ಫ್ಯಾನು ಯಾವ ಕಡೆಗೆ ಊದುತ್ತದೆಂದು ತಿಳಿಯಲು ಅದರ ಕಟ್ಟನ್ನು ನೋಡಬೇಕು. ನಡುವಿನ ಮೋಟಾರನ್ನು ಹಿಡಿದಿರುವ ಕಡ್ಡಿಗಳು ಸಾಮಾನ್ಯವಾಗಿ ಗಾಳಿ ಹೊರಬೀಳುವ ಕಡೆಯಲ್ಲಿರುತ್ತವೆ. ಸಂದೇಹವಿದ್ದರೆ ಹೊರಗಿನ ಜಾಲರಿಯ ಬಳಿ ದಾರದ ತುದಿಯನ್ನು ಹಿಡಿದರೆ ಸಾಕು. ರಾಶಿ ತೂರುವ ರೈತನ ಮಕ್ಕಳಿಗೆ ಗಾಳಿಯ ದಿಕ್ಕನ್ನು ನಾವು ಕಲಿಸಬೇಕೆ?

ಒಳಕ್ಕೆ ಬರುವ ಗಾಳಿ ಹೊರಕ್ಕೆ ಹೋಗುವುದಕ್ಕಿಂತ ತುಸು ಹೆಚ್ಚಾಗಿರಬೇಕು. ಆಗ ಪೆಟ್ಟಿಗೆಯ ಸಂದುಗಳಿಂದ ಗಾಳಿ ಹೊರಕ್ಕೆ ಒಸರುತ್ತದೆ. ಧೂಳು ಕಳ್ಳದಾರಿಯಿಂದ ನುಗ್ಗಲಾರದು. ಬರುವ ಗಾಳಿಯೆಲ್ಲ ಮುಂದಿನ ಸೋಸುಜಾಲರಿಯನ್ನು ದಾಟಿಯೇ ಬರಬೇಕಾಗುತ್ತದೆ. ಹತ್ತಿಯ ಜಿನ್ನುಗಳಿರುವ ನಮ್ಮೂರಿಗೆ ಇದು ಬಹು ಮುಖ್ಯ.

ಮೂರನೆಯದು ಸದ್ದು. ಸಣ್ಣ ಫ್ಯಾನು ವೇಗವಾಗಿ ತಿರುಗುವುದಕ್ಕಿಂತ ದೊಡ್ಡ ಫ್ಯಾನು ನಿಧಾನವಾಗಿ ತಿರುಗುವುದು ಲೇಸು. 120 ಅಥವಾ 140 ಮಿಲಿಮೀಟರಿನವು ಉತ್ತಮ. ಒಂದು ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ. ಸದ್ದಾದರೋ ಸುಮಾರು 15 ಡೆಸಿಬೆಲ್ಲಿನಷ್ಟು ಇಳಿಯುತ್ತದೆ. ಅದೇ ಒಂದು ಫ್ಯಾನಿನ ಜತೆಗೆ ಅಂಥದೇ ಇನ್ನೊಂದನ್ನು ಇಟ್ಟರೆ ಏರುವುದು 3 ಡೆಸಿಬೆಲ್ ಮಾತ್ರ. ಎಂದರೆ ಒಬ್ಬನನ್ನು ಓಡಿಸುವುದಕ್ಕಿಂತ ಇಬ್ಬರನ್ನು ನಡೆಸುವುದು ಮೌನಕ್ಕೆ ಹಿತ. ರೆಕ್ಕೆಗಳಿಗೆ ತೀರ ಹತ್ತಿರವಿರುವ ಒತ್ತಾದ ಜಾಲರಿಯೂ ಸಿಳ್ಳಿಗೆ ಕಾರಣ. ಫ್ಯಾನಿಗೂ ತಗಡಿಗೂ ನಡುವೆ ರಬ್ಬರನ್ನಿಟ್ಟರೆ ನಡುಕ ಪೆಟ್ಟಿಗೆಗೆ ತಾಗುವುದಿಲ್ಲ. ಕಾವು ಕ್ಷಣಕ್ಷಣಕ್ಕೂ ಏರಿಳಿದಂತೆ ಫ್ಯಾನೂ ಏರಿಳಿದರೆ ಕಿವಿಗೆ ಹೆಚ್ಚು ಪೀಡೆ. ವೇಗವು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವಂತೆ ಯಂತ್ರದ ಬಯಾಸ್ ಎಂಬ ಮೂಲ ವ್ಯವಸ್ಥೆಯಲ್ಲಿ ಗೊತ್ತುಮಾಡಬಹುದು.

ನಾಲ್ಕನೆಯದು ರೇಡಿಯೇಟರಿನ ಸ್ಥಾನ. ಅದನ್ನು ಮೇಲೆ ಕೂಡಿಸಿ ಗಾಳಿಯನ್ನು ಹೊರಕ್ಕೆ ಬಿಟ್ಟರೆ ಪೆಟ್ಟಿಗೆಯೊಳಗೆ ಆಗಲೇ ಬಿಸಿಯಾದ ಗಾಳಿಯೇ ಅದಕ್ಕೆ ದೊರೆಯುತ್ತದೆ. ಮುಂದೆ ಕೂಡಿಸಿ ಒಳಕ್ಕೆ ಎಳೆದರೆ ಹೊರಗಿನ ಹೊಸ ಗಾಳಿ ದೊರೆತು ಪ್ರೊಸೆಸರು ತಂಪಾಗುತ್ತದೆ. ಆದರೆ ಆ ಬಿಸಿ ಒಳಗೆ ಬಂದು ಚಿತ್ರಗಳ ಕೆಲಸ ಮಾಡುವ ಗ್ರಾಫಿಕ್ಸ್ ಕಾರ್ಡಿಗೆ ತಾಗುತ್ತದೆ. ಆಟಕ್ಕಾಗಿ ದೊಡ್ಡ ಗ್ರಾಫಿಕ್ಸ್ ಕಾರ್ಡನ್ನಿಟ್ಟವರಿಗೆ ಮೇಲಿನ ಸ್ಥಾನ ಸಲ್ಲುತ್ತದೆ. ನಮ್ಮಂತೆ ಪ್ರೊಸೆಸರಿನ ದುಡಿಮೆಯೇ ಹೆಚ್ಚಾಗಿರುವವರಿಗೆ ಮುಂದಿನದು ಸಲ್ಲುತ್ತದೆ. ಎಲ್ಲಿಟ್ಟರೂ ಒಂದು ನಿಯಮವನ್ನು ಮರೆಯಬಾರದು. ಕಾಲಕ್ರಮದಲ್ಲಿ ಕೊಳವೆಯ ಗೋಡೆಯಿಂದ ದ್ರವವು ಸ್ವಲ್ಪಸ್ವಲ್ಪ ಆವಿಯಾಗಿ ಹೋಗಿ ಗಾಳಿಗುಳ್ಳೆಗಳು ಸೇರುತ್ತವೆ; ಅವು ಎತ್ತರದ ಜಾಗವನ್ನು ಹುಡುಕುತ್ತವೆ. ಪಂಪೇ ಎಲ್ಲಕ್ಕಿಂತ ಎತ್ತರದಲ್ಲಿದ್ದರೆ ಗುಳ್ಳೆ ಅಲ್ಲಿ ಸೇರಿ ಗಳಗಳ ಸದ್ದಾಗುತ್ತದೆ, ಪಂಪು ಸವೆಯುತ್ತದೆ. ರೇಡಿಯೇಟರಿನ ತಲೆ ಪಂಪಿಗಿಂತ ಮೇಲಿರಬೇಕು. ಮುಂದೆ ನಿಲ್ಲಿಸುವುದಾದರೆ, ಕೊಳವೆ ಮುಟ್ಟುವಷ್ಟು ಉದ್ದವಿದ್ದಲ್ಲಿ ಅದರ ಬಾಯಿ ಕೆಳಗಿರುವುದು ಒಳ್ಳೆಯದು.

ಇಷ್ಟನ್ನು ತಿಳಿದ ಮೇಲೆ ನಾವು ಮಾಡಿದ್ದೇನು? ರೇಡಿಯೇಟರನ್ನು ತೊಳೆದಂತೆ ಶುದ್ಧಮಾಡಿ, ನೀರು ಮಾತ್ರ ಮುಟ್ಟಿಸದೆ, ಮೆತ್ತನೆಯ ಕುಂಚದಿಂದ ಅರಳೆಯನ್ನು ತೆಗೆದು, ಮುಂದಕ್ಕೆ ತಂದು ನಿಲ್ಲಿಸಿದೆವು. ಅದರ ಎರಡು ಫ್ಯಾನುಗಳು ಒಳಕ್ಕೆ, ಹಿಂದಿನ ಒಂದು ನಿಧಾನವಾಗಿ ಹೊರಕ್ಕೆ. ಉಳಿದೆರಡನ್ನು ತೆಗೆದೇಬಿಟ್ಟೆವು. ಪ್ರೊಸೆಸರಿನ ಮೇಲೆ ಒಣಗಿದ್ದ ಲೇಪವನ್ನು ಒರಸಿ ಹೊಸದನ್ನು ಹಚ್ಚಿದೆವು. ಪೆಟ್ಟಿಗೆಯನ್ನು ಗೂಡಿನಿಂದ ಹೊರತೆಗೆದು ಗೋಡೆಯಿಂದ ಒಂದು ಗೇಣು ದೂರವಿಟ್ಟೆವು. ಐದು ಫ್ಯಾನುಗಳಿಂದ ಆಗದ ಕೆಲಸ ಮೂರರಿಂದ ಆಯಿತು. ಮರುವರ್ಷದ ಬೇಸಗೆಯಲ್ಲಿ ಒಂದು ದಿನವೂ ಯಂತ್ರ ತಾನಾಗಿ ಆರಲಿಲ್ಲ. ಅದು ನಡೆಯುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಮಕ್ಕಳು ದೀಪವನ್ನು ನೋಡಬೇಕಾಯಿತು.

ಮನೆಯಲ್ಲಿ ಗಣಕಯಂತ್ರವುಳ್ಳ ತಂದೆತಾಯಿಗಳಿಗೆ ಎರಡು ಮಾತು. ಮಕ್ಕಳ ಪಾಠಕ್ಕೂ ಲೆಕ್ಕಪತ್ರಕ್ಕೂ ಇರುವ 65 ವ್ಯಾಟಿನ ಯಂತ್ರಕ್ಕೆ ರೇಡಿಯೇಟರು ಬೇಕಾಗಿಲ್ಲ. ಅಂಗಡಿಯವರು ಹೇಳಿದರೆಂದು ಹಣ ಸುರಿಯಬೇಡಿರಿ. ಲೋಹದ ಎಸಳುಗಳಿರುವ ಒಂದು ಒಳ್ಳೆಯ ಗಾಳಿಯ ಕೂಲರು ಸಾಕು. ಅದರಲ್ಲಿ ಕೆಡಲು ಪಂಪಿಲ್ಲ, ಸೋರಲು ದ್ರವವಿಲ್ಲ. ತಿಂಗಳಿಗೊಮ್ಮೆ ಸೋಸುಜಾಲರಿಯನ್ನು ಕೊಡವಿರಿ. ಒಳಗನ್ನು ಶುದ್ಧಮಾಡುವಾಗ ಮೊದಲು ಪ್ಲಗ್ಗನ್ನು ಕಿತ್ತಿಡಿರಿ; ಗಾಳಿ ಊದುವಾಗ ಫ್ಯಾನು ತಿರುಗದಂತೆ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿರಿ.

ಕೊನೆಯದಾಗಿ ಒಂದು ಬಿನ್ನಹ. ಈ ಎರಡು ವರ್ಷಗಳಲ್ಲಿ ನಮ್ಮ ಶಾಲೆಯ ಆ ಕೋಣೆಯಲ್ಲಿ ಅನೇಕ ಹಿರಿಯರು ಕುಳಿತು ಹಾಡಿ ಹೋಗಿದ್ದಾರೆ. ಅವರ ಉಸಿರೆಳೆತವೂ ಬಳೆಯ ಸದ್ದೂ ಸ್ಪಷ್ಟವಾಗಿ ಕೇಳುತ್ತವೆ. ಮೊದಲ ಅಜ್ಜಿಯ ಆ ಎರಡು ಪದಗಳನ್ನೂ, ಫ್ಯಾನಿನ ಭೋರ್ಗರೆತದೊಡನೆಯೇ, ಹಾಗೆಯೇ ಕಾಪಾಡಿಟ್ಟಿದ್ದೇವೆ. ಮೂರನೆಯದು ನಮಗೆ ಇನ್ನು ದೊರೆಯದು. ತಮ್ಮ ಮನೆಯಲ್ಲಿ ಪದ ಬಲ್ಲ ಅಜ್ಜಿ, ಅಮ್ಮ, ಅತ್ತೆಯರಿದ್ದರೆ ದಯವಿಟ್ಟು ನಮಗೆ ಹೇಳಿಕಳುಹಿಸಿರಿ. ನಾಳೆ ನೋಡೋಣ ಎನ್ನಬೇಡಿರಿ. ಕೋಣೆ ಈಗ ಸದ್ದಿಲ್ಲದೆ ಸಿದ್ಧವಾಗಿದೆ.