ಎರಡೂ ಕಡೆಯ ಮಾತು ಕೇಳಿದ ರಾಯಭಾರಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಂಘಟಕರು ಫೋನ್ ಮಾಡಿ, "ನೀವು ಸಾಫ್ಟ್‌ವೇರ್‌ನವರು, ಕಂಪ್ಯೂಟರ್ ಬಗ್ಗೆ ಏನಾದರೂ ಹೊಸದು ಹೇಳ್ರಿ" ಅಂದರು. ಕಂಪ್ಯೂಟರ್ ಬಗ್ಗೆ ಟಿವಿಯವರು ದಿನಾ ಹೇಳುತ್ತಾರೆ. ನಾನು ಹೇಳುವುದು ಟಿವಿಯದೇ ಇನ್ನೊಂದು ಸಂಗತಿ. ಬೇರೆ ಗ್ರಹದಿಂದ ಬಂದ ಒಬ್ಬ ರಾಯಭಾರಿ ಹೆಣ್ಣುಮಗಳ ಕಥೆ. ಹಿರಿಯರು ನಗಬೇಡಿ. ಕಥೆ ಎಲ್ಲೆಲ್ಲೋ ತಿರುಗಿದರೂ ಕೊನೆಗೆ ಚಿಟಗುಪ್ಪಕ್ಕೇ ಬರುತ್ತದೆ, ಮತ್ತು ಬಂದ ಮೇಲೆ ನಿಮ್ಮ ಹತ್ತಿರ ನನಗೊಂದು ಕೆಲಸವಿದೆ.

ಕಲಬುರಗಿಯಲ್ಲಿ ಬಿಇ ಓದುವಾಗ ಹಾಸ್ಟೆಲಿನಲ್ಲಿ ಗೆಳೆಯನೊಬ್ಬನ ಹಾರ್ಡ್ ಡಿಸ್ಕಿನಲ್ಲಿ 'ಬ್ಯಾಬಿಲಾನ್ 5' ಎಂಬ ಅಮೆರಿಕದ ಧಾರಾವಾಹಿ ಇತ್ತು. ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿ ಎಂಬವರು ರೂಪಿಸಿದ್ದು. 1994ರಿಂದ 1998ರವರೆಗೆ ಐದು ವರ್ಷ ಪ್ರಸಾರವಾಗಿತ್ತು. ಆಕಾಶದಲ್ಲಿ ಎಂಟು ಕಿಲೋಮೀಟರ್ ಉದ್ದದ ಒಂದು ನಿಲ್ದಾಣ. ಬೇರೆ ಬೇರೆ ಲೋಕದವರು ಯುದ್ಧ ಮಾಡುವ ಬದಲು ಕೂತು ಮಾತಾಡಲಿ ಎಂದು ಕಟ್ಟಿದ್ದು. ನಮ್ಮ ಕಡೆಯ ಕಟ್ಟೆ ಇದ್ದ ಹಾಗೆ ಅನ್ನಿ, ಸ್ವಲ್ಪ ದೊಡ್ಡದು. ಅಲ್ಲಿ ಮಿನ್‌ಬಾರಿ ಎಂಬ ಜನಾಂಗದ ರಾಯಭಾರಿ ಡೆಲೆನ್.

ಮಿನ್‌ಬಾರಿಗಳಿಗೂ ಮನುಷ್ಯರಿಗೂ ಮೊದಲೊಂದು ಘೋರ ಯುದ್ಧ ನಡೆದಿರುತ್ತದೆ. ಅದು ಶುರುವಾದ ರೀತಿ ನೋಡಿ. ಎರಡೂ ಕಡೆಯ ಹಡಗುಗಳು ಮೊದಲ ಸಲ ಎದುರಾದಾಗ ಮಿನ್‌ಬಾರಿಗಳು ತಮ್ಮ ತೋಪುಗಳ ಬಾಗಿಲು ತೆರೆದುಕೊಂಡೇ ಹತ್ತಿರ ಬರುತ್ತಾರೆ. ಅದು ಅವರಲ್ಲಿ ಗೌರವದ ರೂಢಿ. ಮನುಷ್ಯರ ಕ್ಯಾಪ್ಟನ್ನಿಗೆ ಅದು ದಾಳಿಯಂತೆ ಕಾಣುತ್ತದೆ, ಗುಂಡು ಹಾರಿಸುತ್ತಾನೆ. ಮಿನ್‌ಬಾರಿಗಳ ನಾಯಕ ಡುಖಾಟ್ ಸಾಯುತ್ತಾನೆ. ನನ್ನ ಕೆಲಸದಲ್ಲಿ ಇದಕ್ಕೆ ಪ್ರೋಟೋಕಾಲ್ ಎನ್ನುತ್ತೇವೆ. ಎರಡು ಕಂಪ್ಯೂಟರುಗಳು ಮಾತು ಶುರು ಮಾಡುವ ಮೊದಲು ಒಂದು "ಇದ್ದೀಯಾ?" ಎನ್ನುತ್ತದೆ, ಇನ್ನೊಂದು "ಇದ್ದೇನೆ, ನೀನು ಕೇಳಿದ್ದು ಮುಟ್ಟಿತು" ಎನ್ನುತ್ತದೆ, ಮೊದಲನೆಯದು "ನಿನ್ನದೂ ಮುಟ್ಟಿತು" ಎನ್ನುತ್ತದೆ. ಮೂರು ಸಲ ಕೈಕುಲುಕಿದ ಮೇಲೆಯೇ ವ್ಯವಹಾರ. ಯಂತ್ರಕ್ಕೆ ಇರುವಷ್ಟು ತಾಳ್ಮೆ ಆ ಕ್ಯಾಪ್ಟನ್ನಿಗೆ ಇರಲಿಲ್ಲ.

ನನಗೆ ಈ ಪಾತ್ರ ಹಿಡಿಸಿದ್ದು ಮುಂದಿನ ಮಾತಿಗೆ. ಡುಖಾಟ್‌ನ ಶಿಷ್ಯೆ ಈ ಡೆಲೆನ್. ಗುರುವಿನ ಹೆಣ ಮುಂದಿರುವಾಗ, ಯುದ್ಧ ಬೇಕೋ ಬೇಡವೋ ಎಂದು ಅವರ ಸಭೆಯಲ್ಲಿ ಮತಗಳು ಸಮನಾಗಿ ನಿಂತಾಗ, ಸಿಟ್ಟಿನಲ್ಲಿ "ಬೇಕು" ಎಂದವಳು ಆಕೆಯೇ. ಅಂದರೆ ಶಾಂತಿಗಾಗಿ ಬಂದ ಈ ರಾಯಭಾರಿಯ ಕೈ ಚೊಕ್ಕ ಕೈಯಲ್ಲ. ಧಾರಾವಾಹಿ ಇದನ್ನು ನಾಲ್ಕನೆಯ ವರ್ಷದವರೆಗೂ ನಮಗೆ ಹೇಳುವುದಿಲ್ಲ. ಅಷ್ಟರಲ್ಲಿ ಆಕೆ ನಮ್ಮ ಮನೆಯವಳೇ ಆಗಿಬಿಟ್ಟಿರುತ್ತಾಳೆ.

ಮೊದಲ ವರ್ಷದ ಕೊನೆಗೆ ಆಕೆ ರೇಷ್ಮೆಹುಳದ ಹಾಗೆ ಗೂಡಿನೊಳಗೆ ಸೇರಿಕೊಳ್ಳುತ್ತಾಳೆ. ಹೊರಗೆ ಬಂದಾಗ ಅರ್ಧ ಮಿನ್‌ಬಾರಿ, ಅರ್ಧ ಮನುಷ್ಯಳು. ತಲೆಯ ಮೇಲೆ ಅವರ ಮೂಳೆಯ ಕಿರೀಟವೂ ಇದೆ, ಕೆಳಗೆ ನಮ್ಮ ಹಾಗೆ ಕೂದಲೂ ಇದೆ. ಎರಡೂ ಜನ ಹತ್ತಿರವಾಗಲಿ ಎಂದು ಮಾಡಿದ್ದು. ಆದದ್ದೇನು? ಅವಳ ಜನ ಅವಳನ್ನು ಆಡಳಿತ ಸಭೆಯಿಂದ ಹೊರಹಾಕಿದರು. ಮನುಷ್ಯರ ಕಡೆಯ ಪತ್ರಕರ್ತೆಯೊಬ್ಬಳು ಕ್ಯಾಮೆರಾ ಮುಂದೆ, ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡವರು ನಿಮ್ಮ ಈ ರೂಪ ನೋಡಿ ಏನೆಂದುಕೊಳ್ಳಬೇಕು ಎಂಬ ಅರ್ಥದಲ್ಲಿ ಕೇಳಿದಳು. ಡೆಲೆನ್ ಕಣ್ಣಲ್ಲಿ ನೀರು. ಉತ್ತರವಿಲ್ಲ.

ಈ ಪಾತ್ರ ಮಾಡಿದ ನಟಿ ಮೀರಾ ಫುರ್ಲಾನ್. 1955ರಲ್ಲಿ ಯುಗೊಸ್ಲಾವಿಯಾದ ಝಾಗ್ರೆಬ್‌ನಲ್ಲಿ ಹುಟ್ಟಿದವರು. ಕಾನ್ ಚಿತ್ರೋತ್ಸವದಲ್ಲಿ 1985ರಲ್ಲಿ ಅತ್ಯುನ್ನತ ಬಹುಮಾನ ಪಡೆದ ಚಿತ್ರದಲ್ಲಿ ನಟಿಸಿದ್ದವರು. ಗಂಡ ಸರ್ಬಿಯಾದವರು, ಈಕೆ ಕ್ರೊವೇಷಿಯಾದವರು. 1991ರಲ್ಲಿ ದೇಶ ಒಡೆದು ಎರಡೂ ಕಡೆ ಬಂದೂಕು ಎದ್ದಾಗಲೂ ಈಕೆ ಝಾಗ್ರೆಬ್‌ನಲ್ಲೂ ನಾಟಕ ಮಾಡಿದರು, ಬೆಲ್‌ಗ್ರೇಡ್‌ನಲ್ಲೂ ಮಾಡಿದರು. ಪತ್ರಿಕೆಗಳು ದ್ರೋಹಿ ಎಂದವು, ಬೆದರಿಕೆ ಕರೆಗಳು ಬಂದವು, ಕೆಲಸ ಹೋಯಿತು. ಸಹನಾಗರಿಕರಿಗೆ ಒಂದು ಪತ್ರ ಬರೆದಿಟ್ಟು ಗಂಡನ ಜೊತೆ ಅಮೆರಿಕಕ್ಕೆ ಹೋದರು. ಅಲ್ಲಿ ಸಿಕ್ಕ ಪಾತ್ರ ಡೆಲೆನ್. ಕ್ಯಾಮೆರಾ ಮುಂದಿನ ಆ ಕಣ್ಣೀರಿನಲ್ಲಿ ನಟನೆ ಎಷ್ಟಿತ್ತೋ ನನಗೆ ಅನುಮಾನ. 2021ರ ಜನವರಿಯಲ್ಲಿ ಆಕೆ ತೀರಿಕೊಂಡರು.

ಇಷ್ಟೆಲ್ಲ ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಶಾಲೆಯಿಂದ ಪ್ರವಾಸ ಎಂದರೆ ಬೀದರ್. ಮಹಮೂದ್ ಗಾವಾನನ ಮದರಸಾದ ಒಂದೇ ಮಿನಾರಿನ ಕೆಳಗೆ ನಿಂತು ಅವಲಕ್ಕಿ ತಿಂದವರು ಇಲ್ಲಿ ಬಹಳ ಜನ ಇದ್ದೀರಿ. ಆತ ಇರಾನಿನ ಗೀಲಾನ್‌ನವನು, 1453ರ ಹೊತ್ತಿಗೆ ಬೀದರಿಗೆ ಬಂದ ವ್ಯಾಪಾರಿ. ಬಹಮನಿ ರಾಜ್ಯದ ಪ್ರಧಾನಿಯಾದ. ಪಶ್ಚಿಮದ ದೊರೆಗಳಿಗೆ ಆತ ಬರೆದ ರಾಜತಾಂತ್ರಿಕ ಪತ್ರಗಳ ಸಂಗ್ರಹವೇ ಇದೆ. ಆಗ ಆಸ್ಥಾನದಲ್ಲಿ ಎರಡು ಬಣ. ಇಲ್ಲಿಯೇ ನೆಲೆಸಿದ ದಖನಿಗಳು ಒಂದು, ಕಡಲಾಚೆಯಿಂದ ಬಂದ ಆಫಾಕಿಗಳು ಇನ್ನೊಂದು. ಗಾವಾನ್ ತಾನೇ ಹೊರಗಿನವನಾದರೂ ಅಧಿಕಾರವನ್ನು ಎರಡೂ ಬಣಗಳಿಗೆ ಸಮನಾಗಿ ಹಂಚಲು ನೋಡಿದ. ವೈರಿಗಳು ಆತನ ಮುದ್ರೆ ಒತ್ತಿದ ಖಾಲಿ ಹಾಳೆ ಸಂಪಾದಿಸಿ, ಒಡಿಶಾದ ದೊರೆಯನ್ನು ದಂಡೆತ್ತಿ ಬಾ ಎಂದು ಕರೆಯುವ ಸುಳ್ಳು ಪತ್ರ ಬರೆದು ಸುಲ್ತಾನನ ಕೈಗೆ ಕೊಟ್ಟರು. 1481ರ ಏಪ್ರಿಲ್‌ನಲ್ಲಿ, ಎಪ್ಪತ್ತರ ಆಸುಪಾಸಿನ ಮುದುಕನ ತಲೆ ಹೋಯಿತು. ಆಮೇಲೆ ಲೆಕ್ಕ ತೆಗೆದರೆ ಆತ ಕೂಡಿಟ್ಟದ್ದು ಏನೂ ಇರಲಿಲ್ಲ. ರಾಜ್ಯವೂ ಬಹಳ ಕಾಲ ಉಳಿಯಲಿಲ್ಲ, ಐದು ತುಂಡಾಯಿತು.

ಈಗ ಚಿಟಗುಪ್ಪಕ್ಕೆ ಬರುತ್ತೇನೆ.

ನಮ್ಮ ಬೆಂಚಿನಲ್ಲಿ ನಾವು ಮೂವರು. ಒಬ್ಬನ ಮನೆಯಲ್ಲಿ ಮರಾಠಿ, ಒಬ್ಬನ ಮನೆಯಲ್ಲಿ ದಖನಿ, ನನ್ನ ಮನೆಯಲ್ಲಿ ಕನ್ನಡ. ಪ್ರತಿ ಸೆಪ್ಟೆಂಬರ್ 17ಕ್ಕೆ ಶಾಲೆಯಲ್ಲಿ ವಿಮೋಚನಾ ದಿನದ ಧ್ವಜವಂದನೆ. ಆ ದಿನ ರಾತ್ರಿ ಅಜ್ಜಿ ರಜಾಕಾರರ ಕಥೆ ಹೇಳುತ್ತಿದ್ದಳು. ಜೋಳದ ಹೊಲದಲ್ಲಿ ಮಕ್ಕಳ ಬಾಯಿ ಮುಚ್ಚಿಕೊಂಡು ಕೂತದ್ದು, 1948ರ ಮೇ ತಿಂಗಳಲ್ಲಿ ಗೋರಟಾದಲ್ಲಿ ನಡೆದ ಕೊಲೆಗಳ ಸುದ್ದಿ ಬಂದಾಗ ಊರಿಗೆ ಊರೇ ನಡುಗಿದ್ದು. ಅದೆಲ್ಲ ಸತ್ಯ. ಬೆಂಚಿನ ಗೆಳೆಯನ ಅಜ್ಜಿಯೂ ಅದೇ ವರ್ಷದ ಕಥೆ ಹೇಳುತ್ತಿದ್ದರು. ಅದು ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ವಾರಗಳದು. ಅವರೂ ಜೋಳದ ಹೊಲದಲ್ಲೇ ಅಡಗಿದ್ದರು. ಅದೂ ಸತ್ಯ. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಗೆ ಈ ಭಾಗದಲ್ಲಿ ತಿರುಗಿ, ಹೆಚ್ಚು ಹಾನಿಯಾದ ಜಿಲ್ಲೆಗಳೆಂದು ಉಸ್ಮಾನಾಬಾದ್, ನಾಂದೇಡ್, ಕಲಬುರಗಿ ಜೊತೆಗೆ ನಮ್ಮ ಬೀದರ್ ಹೆಸರನ್ನೂ ಬರೆಯಿತು. ವರದಿಯನ್ನು ಬಹಳ ವರ್ಷ ಹೊರಗೆ ಬಿಡಲಿಲ್ಲ.

ಎಂಟನೇ ಇಯತ್ತೆಯಲ್ಲಿ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ನಾವು ಈ ಎರಡು ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡೆವು. ಇಬ್ಬರಿಗೂ ಇನ್ನೊಂದು ಅರ್ಧ ಗೊತ್ತೇ ಇರಲಿಲ್ಲ. ಸಂಜೆ ಮನೆಗೆ ಹೋಗಿ ಅವನ ಅಜ್ಜಿಯ ಕಥೆಯನ್ನು ನನ್ನ ಅಜ್ಜಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅವರ ಪೈಕಿ ಒಂದು ಮನೆಯವರನ್ನು ನಮ್ಮ ಮಾವ ಕಣಜದಲ್ಲಿ ಬಚ್ಚಿಟ್ಟಿದ್ದರು. ಯಾರಿಗೂ ಹೇಳಬಾರದು ಅಂದಿದ್ದರು" ಎಂದಳು. ಒಳ್ಳೆಯ ಕೆಲಸವನ್ನೂ ಐವತ್ತು ವರ್ಷ ಮುಚ್ಚಿಡಬೇಕಾಗಿ ಬಂದಿತ್ತು. ಡೆಲೆನ್‌ಗೆ ಆದದ್ದು ಇದೇ. ರಾಯಭಾರಿಗೆ ಎದುರಿನವರ ಮುಂದೆ ಮಾತಾಡುವುದು ಅಷ್ಟು ಕಷ್ಟವಲ್ಲ. ಅವರಿಂದ ಕೇಳಿದ್ದನ್ನು ತನ್ನ ಮನೆಗೆ ಬಂದು ಹೇಳುವುದೇ ಕಷ್ಟ.

ಈಗ ಆ ಇಬ್ಬರು ಅಜ್ಜಿಯರೂ ಇಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇವತ್ತು ತೊಂಬತ್ತರ ಹತ್ತಿರ. ಈ ಪೆಂಡಾಲಿನಲ್ಲಿ ಎಷ್ಟು ಜನ ಇದ್ದೀರೋ ಎಂದು ಬೆಳಗ್ಗೆಯಿಂದ ನೋಡುತ್ತಿದ್ದೇನೆ. ವಾಟ್ಸಾಪ್‌ನಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಎರಡು ಗುಂಪಿನಲ್ಲಿ ಎರಡು ಅರ್ಧ ಕಥೆಗಳು ಓಡಾಡುತ್ತವೆ. ನಮ್ಮದೇ ಬ್ಯಾಚಿನ ಗುಂಪು ಅದಕ್ಕಾಗಿಯೇ ಒಡೆದು ಎರಡಾಯಿತು. ಹಿಂದೆ ಒಟ್ಟಿಗೆ ಡಬ್ಬಿ ಬಿಚ್ಚಿದವರು ಈಗ ಬೇರೆ ಬೇರೆ ಗುಂಪಿನಲ್ಲಿದ್ದಾರೆ. ಅವರಲ್ಲಿ ಕೆಲವರು ಇಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂತಿರುವುದೂ ನನಗೆ ಕಾಣುತ್ತಿದೆ.

ನನ್ನ ಕೆಲಸ ಇಷ್ಟೇ. ನಾನು ಭಾನುವಾರದವರೆಗೆ ಊರಲ್ಲಿರುತ್ತೇನೆ. ಒಂದು ಸಣ್ಣ ರೆಕಾರ್ಡರ್ ತಂದಿದ್ದೇನೆ. ಬೆಂಚಿನ ಗೆಳೆಯ ಜಹೀರಾಬಾದಿನಿಂದ ಬಂದಿದ್ದಾನೆ, ಮೂರನೇ ಸಾಲಿನಲ್ಲಿದ್ದಾನೆ. ಮರಾಠಿ ಗೆಳೆಯನೂ ಒಪ್ಪಿದ್ದಾನೆ. ನಾವು ಮೂವರೂ ಪ್ರತಿ ಮನೆಗೂ ಒಟ್ಟಿಗೇ ಬರುತ್ತೇವೆ, ಒಬ್ಬೊಬ್ಬರೇ ಬರುವುದಿಲ್ಲ. ಹೇಳುವವರು ತಮ್ಮ ಮನೆಮಾತಿನಲ್ಲೇ ಹೇಳಲಿ. ಹೆಸರು ಬೇಡ ಎಂದರೆ ಬರೆಯುವುದಿಲ್ಲ. ಒಂದು ಪ್ರತಿ ಶಾಲೆಯ ಗ್ರಂಥಾಲಯಕ್ಕೆ, ಒಂದು ನಿಮ್ಮ ಮನೆಗೆ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಊಟದ ಹೊತ್ತಿನಲ್ಲಿ ನಮ್ಮ ಮೂವರಲ್ಲಿ ಯಾರಿಗಾದರೂ ತಿಳಿಸಿ. ಮಧ್ಯಾಹ್ನದ ನಂತರ ಅವರು ಮಲಗುತ್ತಾರೆಂದು ಗೊತ್ತು, ಆದ್ದರಿಂದ ಬೆಳಗ್ಗೆ ಎಂಟಕ್ಕೇ ಬರುತ್ತೇವೆ. ಚಹಾ ಒಂದೇ ಸಾಕು.