ಗಿಡ ಏರುವವರ ಹಗ್ಗ, ಪಟ್ಟಿ ಮತ್ತು ಜೀವ

(ಕಾರ್ಮಿಕ ಸಂತ ಜೋಸೆಫರ ಹಬ್ಬದಂದು ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ಮೇ 1. ಕಾರ್ಮಿಕರ ದಿನ. ಪೋಪ್ ಹನ್ನೆರಡನೇ ಪಿಯುಸ್ ಅವರು 1955ರಲ್ಲಿ ಇದೇ ದಿನವನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಈ ದಿನ ನಾವು ನೇಕಾರರ ಬಗ್ಗೆ ಮಾತಾಡುತ್ತೇವೆ, ಕ್ವಾರಿ ಕೆಲಸದವರ ಬಗ್ಗೆ, ಗೌಂಡಿಗಳ ಬಗ್ಗೆ ಮಾತಾಡುತ್ತೇವೆ. ಗಿಡ ಏರುವವರ ಮಾತು ಬರುವುದು ಅಪರೂಪ. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ ನೋಡ್ರಿ, ಹುಣಸಿ ಗಿಡ, ಬೇವಿನ ಗಿಡ, ತೆಂಗಿನ ಗಿಡ. ಹೆಸರು ಸಣ್ಣದು ಮಾಡಿದರೆ ಎತ್ತರ ಕಡಿಮೆಯಾಗುವುದಿಲ್ಲ.

ಹುನಗುಂದ, ಇಳಕಲ್ ಭಾಗದಲ್ಲಿ ಸುಗ್ಗಿಯ ಹೊತ್ತಿಗೆ ಹುಣಸೆ ಬಡಿಯುವವರಿದ್ದಾರೆ. ಬನಶಂಕರಿಯ ಸುತ್ತಿನ ತೋಟಗಳಲ್ಲಿ ತೆಂಗಿನಕಾಯಿ ಕೀಳುವವರಿದ್ದಾರೆ. ಆಡಿಗೆ ತಪ್ಪಲು ಕಡಿಯುವವರು, ಮಳೆಗಾಲಕ್ಕೆ ಮುಂಚೆ ಮನೆಮೇಲೆ ಬಾಗಿದ ಟೊಂಗೆ ತೆಗೆಯುವವರು ಎಲ್ಲ ಊರಲ್ಲೂ ಇದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ಇದು ವರ್ಷದ ಕೆಲಸವಲ್ಲ, ಎರಡು ಮೂರು ತಿಂಗಳ ಕೂಲಿ. ಆ ಕಾರಣಕ್ಕೇ ಸಾಮಾನಿಗೆ ಯಾರೂ ದುಡ್ಡು ಹಾಕುವುದಿಲ್ಲ.

ಗಿಡದಿಂದ ಬಿದ್ದು ಬೆನ್ನುಹುರಿ ಪೆಟ್ಟಾದವರ ಮನೆಗಳಿಗೆ ನಾವು ಹೋಗಿದ್ದೇವೆ. ಸೊಂಟದ ಕೆಳಗೆ ಶಕ್ತಿ ಇಲ್ಲ, ಅರಿವೂ ಇಲ್ಲ. ಬೆನ್ನಿಗೆ ಹುಣ್ಣಾಗದಂತೆ ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಸಹ. ಬದಲಿಸುವವಳು ಹೆಂಡತಿ ಅಥವಾ ತಾಯಿ. ಅವಳ ಕೂಲಿಯೂ ಅಲ್ಲಿಗೆ ನಿಂತಿತು. ಬಿದ್ದದ್ದು ಒಬ್ಬ, ಕೆಳಗಾದದ್ದು ಇಡೀ ಮನೆ.

ಬಾದಾಮಿಯವರಿಗೆ ಒಂದು ಮಾತು ಕೇಳುತ್ತೇವೆ. ನಿಮ್ಮೂರಿನ ಕೆಂಪು ಬಂಡೆ ಹತ್ತಲು ಬೆಂಗಳೂರಿನಿಂದ, ಹೊರದೇಶಗಳಿಂದ ಹುಡುಗರು ಬರುತ್ತಾರಲ್ಲ, ಅವರನ್ನು ನೋಡಿದ್ದೀರಲ್ಲವೇ? ತಲೆಗೆ ಹೆಲ್ಮೆಟ್, ತೊಡೆಗೂ ಸೊಂಟಕ್ಕೂ ಪಟ್ಟಿ, ಮೇಲಿಂದ ಹಗ್ಗ, ಕೆಳಗೆ ಆ ಹಗ್ಗ ಹಿಡಿದು ಕಣ್ಣು ಬಿಟ್ಟು ನಿಂತ ಜೊತೆಗಾರ. ಅವರು ಹತ್ತುವುದು ಹವ್ಯಾಸಕ್ಕೆ. ಕೈ ಜಾರಿದರೆ ಒಂದಿಷ್ಟು ತೂಗಾಡಿ ನಗುತ್ತಾರೆ. ನಮ್ಮವ ಹೊಟ್ಟೆಪಾಡಿಗೆ ಹತ್ತುತ್ತಾನೆ, ಸೊಂಟದಲ್ಲಿ ಕುಡಗೋಲು ಬಿಟ್ಟರೆ ಏನೂ ಇಲ್ಲ. ಬಂಡೆ ಹತ್ತುವವರ ಆ ಪದ್ಧತಿಯನ್ನೇ ಗಿಡಕ್ಕೆ ತರಬೇಕೆಂಬುದು ನಮ್ಮ ಮಾತು.

ಮೊದಲು ಹಗ್ಗ. ಅಂಗಡಿಯಲ್ಲಿ ಸಿಗುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಲಾರಿಯ ತಾಡಪತ್ರಿ ಕಟ್ಟಲು ಸರಿ, ಮನುಷ್ಯನನ್ನು ಕಟ್ಟಲು ಅಲ್ಲ. ಬಿಸಿಲಿಗೆ ಅದು ಒಳಗೊಳಗೇ ಸಾಯುತ್ತದೆ, ಹಿಡಿದರೆ ಕೈಗೆ ಪುಡಿ ಹತ್ತುತ್ತದೆ. ತಿಕ್ಕಾಟದ ಬಿಸಿಗೆ ಕರಗುತ್ತದೆ. ಪುಂಡಿನಾರಿನ ಹಗ್ಗ ನಮ್ಮ ಹಿರಿಯರು ನಂಬಿದ್ದು. ಆದರೆ ಒಮ್ಮೆ ತೋಯ್ದು ಮೂಲೆಯಲ್ಲಿ ಬಿದ್ದಿದ್ದರೆ ಒಳಗೆ ಕೊಳೆತಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಪುರಿ ಬಿಚ್ಚಿ ನೋಡಿರಿ, ಒಳಗೆ ಕಪ್ಪಾಗಿದ್ದರೆ ಎತ್ತಿಗೆ ಇಡಿರಿ. ಗಿಡಕ್ಕೆ ಬೇಕಾದದ್ದು ಒಳಗೆ ತಿರುಳು, ಹೊರಗೆ ಹೆಣೆದ ಹೊದಿಕೆ ಇರುವ ನೈಲಾನ್ ಹಗ್ಗ, ಕನಿಷ್ಠ 11 ಮಿಲಿಮೀಟರ್ ದಪ್ಪದ್ದು. ಇದನ್ನು ಬೋರ್‌ವೆಲ್ ಮೋಟಾರು ಇಳಿಸಲು ಕೊಡಬೇಡಿರಿ, ಎಷ್ಟೇ ಬೇಕಾದವರು ಕೇಳಿದರೂ! ಎಣ್ಣೆ ಸಿಂಪಡಿಸುವ ಪಂಪು, ಟ್ರ್ಯಾಕ್ಟರ್ ಬ್ಯಾಟರಿ ಇಡುವ ಕೋಣೆಯಲ್ಲೂ ಬೇಡ, ಬ್ಯಾಟರಿಯ ಆ್ಯಸಿಡ್ ನೈಲಾನನ್ನು ತಿಂದುಬಿಡುತ್ತದೆ.

ಹತ್ತುವ ಮೊದಲು ಪ್ರತಿ ಸಲ ಹಗ್ಗವನ್ನು ಮೊಳಮೊಳ ಬೆರಳಲ್ಲಿ ಎಳೆದು ನೋಡಬೇಕು. ಇಳಕಲ್ಲಿನ ನೇಕಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಎಳೆ ಕಡಿದದ್ದು ಅವರ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಎಲ್ಲಿ ಮೆತ್ತಗೆ ಕುಸಿಯಿತೋ, ಎಲ್ಲಿ ಗಂಟುಗಂಟಾಯಿತೋ ಅಲ್ಲಿ ಹಗ್ಗದ ಆಯುಷ್ಯ ಮುಗಿಯಿತು.

ಇನ್ನು ಗಂಟು. ಜೀರಗುಣಿಕೆಯನ್ನು ಮೈಗೆ ಹಾಕಲೇಬಾರದು. ಎಳೆದಷ್ಟೂ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಬರೀ ಸೊಂಟಕ್ಕೆ ಕಟ್ಟುವ ಬೆಲ್ಟ್ ಕೂಡ ಬಿದ್ದಾಗ ಬೆನ್ನನ್ನೇ ಮುರಿಯಬಹುದು. ಎರಡೂ ತೊಡೆ, ಸೊಂಟ, ಹೆಗಲು ಹಿಡಿಯುವ ಪೂರ್ತಿ ಮೈಯ ಹಾರ್ನೆಸ್ ಬೇಕು. ಕೊಳ್ಳುವಾಗ ಐ.ಎಸ್. 3521 ಎಂಬ ಗುರುತು ಕೇಳಿರಿ, ಹೆಲ್ಮೆಟ್ಟಿಗೆ ಐ.ಎಸ್. 2925. ಗದ್ದದ ಪಟ್ಟಿ ಇಲ್ಲದ ಹೆಲ್ಮೆಟ್ ತಲೆಗಿಂತ ಮೊದಲು ನೆಲ ಮುಟ್ಟುತ್ತದೆ.

ಹಗ್ಗವನ್ನು ಮೇಲೆ ಹಾಕುವುದು ಹೇಗೆ ಎಂದು ಬಹಳ ಮಂದಿ ಕೇಳುತ್ತಾರೆ. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯಲು ಕವಣೆ ಬೀಸಿದ ಕೈ ನಮ್ಮದು, ಇದು ಕಷ್ಟವಲ್ಲ. ಸಣ್ಣ ಚೀಲದಲ್ಲಿ ಮುನ್ನೂರು ಗ್ರಾಂನಷ್ಟು ಉಸುಕು ತುಂಬಿ, ತೆಳುವಾದ ದಾರ ಕಟ್ಟಿ, ತೊಡೆಗಾತ್ರದ ಹಸಿ ಟೊಂಗೆಯ ಕವಲಿನಲ್ಲಿ ಎಸೆಯಿರಿ. ಚೀಲ ಆಚೆ ಇಳಿದ ಮೇಲೆ ದಾರದ ತುದಿಗೆ ದಪ್ಪ ಹಗ್ಗ ಕಟ್ಟಿ ಎಳೆದುಕೊಳ್ಳಿರಿ. ಹತ್ತುವ ಮುಂಚೆ ಇಬ್ಬರು ಜೋತುಬಿದ್ದು ಜಗ್ಗಿ ನೋಡಬೇಕು. ಒಂದು ತುದಿ ಹತ್ತುವವನ ಹಾರ್ನೆಸ್ಸಿಗೆ. ಇನ್ನೊಂದನ್ನು ಕೆಳಗಿನವನು ಬೊಡ್ಡೆಗೆ ಎರಡು ಸುತ್ತು ಹಾಕಿ ಹಿಡಿಯಬೇಕು, ಮೇಲಿನವನು ಏರಿದಂತೆ ಸಡಿಲನ್ನು ಎಳೆದುಕೊಳ್ಳುತ್ತಿರಬೇಕು. ಆ ಎರಡು ಸುತ್ತಿನ ಬಿಗಿಗೆ ಬಡಕಲು ಹುಡುಗನೂ ದಪ್ಪ ಮನುಷ್ಯನನ್ನು ತಡೆಯಬಲ್ಲ. ಮೇಲೆ ಕೆಲಸಕ್ಕೆ ನಿಂತಾಗ ಮೈಗೆ ಎರಡು ಗಿಡ್ಡ ಹಗ್ಗ ಇರಲಿ. ಟೊಂಗೆ ದಾಟುವಾಗ ಒಂದನ್ನು ಬಿಚ್ಚುವ ಮುಂಚೆ ಇನ್ನೊಂದು ಸಿಕ್ಕಿಸಿಯಾಗಿರಬೇಕು. ಹಗ್ಗ ಸಿಕ್ಕಿಸುವ ಜಾಗ ಸೊಂಟಕ್ಕಿಂತ ಮೇಲಿರಲಿ, ಸಡಿಲು ಕಡಿಮೆ ಇರಲಿ.

ಗಿಡಗಳ ಸ್ವಭಾವ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಹುಣಸೆ ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ನುಗ್ಗೆ ಹೇಳದೆ ಕೇಳದೆ ಮುರಿಯುತ್ತದೆ, ನೇರಳೆಯೂ ನಂಬಿಕೆಗೆ ಅರ್ಹವಲ್ಲ. ಹೆಜ್ಜೇನು ಕಂಡರೆ ಆ ಗಿಡ ಆ ದಿನ ಬೇಡ. ಕುಡಗೋಲು ಸೊಂಟದಲ್ಲಿ ಸಿಕ್ಕಿಸಿ ಹತ್ತಬಾರದು. ಮೇಲೆ ಹೋಗಿ ನಿಂತ ಮೇಲೆ ದಾರದಲ್ಲಿ ಎಳೆದುಕೊಳ್ಳಬೇಕು. ಕಾಯಿ ಆರಿಸುವ ಅಕ್ಕಂದಿರು ಬಡಿಯುವುದು ನಿಲ್ಲುವವರೆಗೆ ಟೊಂಗೆಯ ನೆರಳಿನಾಚೆ ಇರಬೇಕು. ಒಂದು ಗಳಿಗೆ ತಡವಾದರೆ ಹುಣಸೆ ಎಲ್ಲೂ ಓಡಿಹೋಗುವುದಿಲ್ಲ.

ತೆಂಗಿಗೆ ಬೇರೆ ದಾರಿ ಇದೆ. ಕೇರಳದ ಕಣ್ಣೂರು ಜಿಲ್ಲೆಯ ಚೆಂಪೇರಿ ಎಂಬ ಊರಿನ ರೈತರೊಬ್ಬರು ಮಾಡಿದ ಏರುವ ಯಂತ್ರ ಈಗ ಎಲ್ಲ ಕಡೆ ಹಬ್ಬಿದೆ. ಎರಡು ಕಬ್ಬಿಣದ ಚೌಕಟ್ಟು, ಬೊಡ್ಡೆಯನ್ನು ಸುತ್ತುವ ಉಕ್ಕಿನ ತಂತಿ, ಎಡಕ್ಕೊಂದು ಬಲಕ್ಕೊಂದು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿಯನ್ನು ಆರಂಭಿಸಿ ಈ ಯಂತ್ರದಲ್ಲಿ ಏರುವುದನ್ನು ಕಲಿಸಿತು. ಹೆಣ್ಣುಮಕ್ಕಳೂ ಕಲಿತಿದ್ದಾರೆ. ಏರುವವರಿಗೆ ಮಂಡಳಿಯ ಕೇರ ಸುರಕ್ಷಾ ಅಪಘಾತ ವಿಮೆಯೂ ಇದೆ, ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ತುಂಬುತ್ತದೆ. ಆದರೆ ಯಂತ್ರವಿದೆ ಅಂತ ಸುರಕ್ಷಾ ಪಟ್ಟಿ ಬಿಡಬೇಡಿರಿ. ಅದು ಏರಿಸುತ್ತದೆ, ಬೀಳುವವನನ್ನು ಹಿಡಿಯುವುದು ಪಟ್ಟಿ. ಮತ್ತೆ, ಕವಲಿರುವ ಹುಣಸೆಗೆ ಈ ಯಂತ್ರ ಉಪಯೋಗವಿಲ್ಲ. ತೆಂಗಿನ ಬೊಡ್ಡೆಗೆ ಕಾಲಿಡಲು ಕಚ್ಚು ಕಡಿಯುವ ರೂಢಿಯನ್ನೂ ಬಿಡಬೇಕು. ಆ ಗಾಯದಲ್ಲೇ ಕೆಂಪು ಮೂತಿ ಹುಳ ಒಳಗೆ ಸೇರುತ್ತದೆ.

ಕರೆಂಟಿನ ವಿಷಯದಲ್ಲಿ ನಮ್ಮದು ಕಟ್ಟುನಿಟ್ಟಿನ ಮಾತು. ಹೊಲದ ಮೇಲೆ ಹಾದ 11 ಕೆ.ವಿ. ತಂತಿ ಗಿಡದ ಹತ್ತಿರವಿದ್ದರೆ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ತೆಗೆದ ಮೇಲೆಯೇ ಹತ್ತಬೇಕು. ಅಲ್ಯುಮಿನಿಯಂ ಗಳವಂತೂ ಯಮಪಾಶ. ಹಸಿ ಬಿದಿರೂ ಕರೆಂಟು ಹರಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಒಬ್ಬ ಬಿದ್ದರೆ? ಗಾಬರಿಯಲ್ಲಿ ನಾಲ್ಕು ಮಂದಿ ಕೈಕಾಲು ಹಿಡಿದು ಎತ್ತುತ್ತೇವೆ, ಬೈಕಿನ ಮೇಲೆ ಇಬ್ಬರ ನಡುವೆ ಕೂಡಿಸಿಕೊಂಡು ಒಯ್ಯುತ್ತೇವೆ. ಬಿದ್ದಾಗ ಉಳಿದಿದ್ದ ಬೆನ್ನುಹುರಿ ಆಗ ಹೋಗಬಹುದು. ಎಬ್ಬಿಸಬೇಡಿರಿ, ನೀರು ಕುಡಿಸಬೇಡಿರಿ. ತಲೆ, ಕುತ್ತಿಗೆ ಅಲುಗದಂತೆ ಒಬ್ಬರು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂಡಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಜಾಗದಿಂದ ಸರಿಸಲೇಬೇಕಾದರೆ ಎಲ್ಲರೂ ಕೂಡಿ, ಮೈಯನ್ನು ಒಂದೇ ಗೆರೆಯಲ್ಲಿಟ್ಟು, ಬಾಗಿಲ ಹಲಗೆಯಂಥ ಗಟ್ಟಿ ಹಲಗೆಯ ಮೇಲೆ ತೆಗೆದುಕೊಳ್ಳಬೇಕು. ಬಿದ್ದವನು ಮೇಲೆ ಹಾರ್ನೆಸ್ಸಿನಲ್ಲೇ ತೂಗುತ್ತಿದ್ದರೆ ಕಾಯಬಾರದು. ಅಲುಗದೆ ತೂಗಿದರೆ ರಕ್ತ ಕಾಲಿನಲ್ಲೇ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಜೀವಕ್ಕೂ ಅಪಾಯ. ಕೆಳಗಿನವನು ಹಗ್ಗ ನಿಧಾನಕ್ಕೆ ಬಿಟ್ಟು ಇಳಿಸಬೇಕು. ಒಬ್ಬನೇ ಗಿಡ ಹತ್ತಬಾರದು ಅನ್ನುವುದು ಇದಕ್ಕೇ. ಶುಭಸಂದೇಶದಲ್ಲಿ ಜಕ್ಕಾಯನು ಅತ್ತಿಮರ ಹತ್ತಿದ್ದನ್ನು ಎಲ್ಲರೂ ನೆನೆಯುತ್ತೇವೆ. ಅವನಿಗೂ ಕೆಳಗೆ ನಿಂತು ಹೆಸರು ಹಿಡಿದು ಕರೆದವರೊಬ್ಬರಿದ್ದರು.

ಖರ್ಚು ಯಾರದು ಎಂಬ ಪ್ರಶ್ನೆಗೆ ಬರೋಣ. ದಿನದ ಕೂಲಿಯಲ್ಲಿ ಹಾರ್ನೆಸ್ ಕೊಳ್ಳು ಎಂದು ಏರುವವನಿಗೆ ಹೇಳುವುದು ನ್ಯಾಯವಲ್ಲ. ಫಲ ಹಿಡಿದ ಗುತ್ತಿಗೆದಾರ, ತೋಟದ ಧಣಿ ಪಾಲು ಕೊಡಬೇಕು, ಮಾತನ್ನು ಹಂಗಾಮಿಗೆ ಮೊದಲೇ ಆಡಬೇಕು. ಕೊಡದಿದ್ದರೆ ಸಂಘದ ಉಳಿತಾಯದಿಂದ ಊರಿಗೊಂದು ಜೊತೆ ಸಾಮಾನು ತಂದು ದಿನಬಾಡಿಗೆಗೆ ಕೊಡಿರಿ. ಎಮ್ಮೆಗೆ ಸಾಲ ಕೊಡುವ ಸಂಘ ಹಗ್ಗಕ್ಕೂ ಕೊಡಬಹುದು. ಸಾಮಾನಿನ ಹೆಸರಲ್ಲಿ ಒಂದು ನೋಟುಬುಕ್ಕು ಇಟ್ಟು ಯಾರು ಒಯ್ದರು, ತಂದಾಗ ಹಗ್ಗ ಹೇಗಿತ್ತು ಎಂದು ಬರೆಯಿರಿ.

ಇನ್ನೊಂದು, ಪ್ರಧಾನಮಂತ್ರಿ ಸುರಕ್ಷಾ ಬಿಮಾ. 2015ರಲ್ಲಿ ಶುರುವಾದದ್ದು, 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ. ಕಂತು ಜೂನ್ 1ರ ಹೊತ್ತಿಗೆ ಖಾತೆಯಿಂದ ಕಡಿತವಾಗುತ್ತದೆ, ಖಾತೆಯಲ್ಲಿ ಅಷ್ಟಾದರೂ ಇರಬೇಕು. ಪಾಸ್‌ಬುಕ್ ತಂದವರು ಊಟದ ನಂತರ ನಮ್ಮ ಕಾರ್ಯಕರ್ತರಿಗೆ ತೋರಿಸಿರಿ. ಹಗ್ಗ, ಹಾರ್ನೆಸ್ ಹೊರಗೆ ಬೇವಿನ ಗಿಡದ ಬುಡದಲ್ಲಿ ಇಟ್ಟಿದ್ದೇವೆ. ಆಳೆತ್ತರದ ಟೊಂಗೆಯಲ್ಲೇ ಗಂಟು ಹಾಕುವುದನ್ನು ಶುರುಮಾಡೋಣ.